ಒಂದೇ ನಲ್ಲಿಯ ವಠಾರ: 1984ರ ಮ್ಯಾಕಿಂತೋಷ್‌ನ ಒಳಗುಟ್ಟು

ಆಪಲ್ ಕಂಪನಿಯ ಮೊದಲ ಮ್ಯಾಕಿಂತೋಷ್ ಕಂಪ್ಯೂಟರ್‌ಗೆ ಫ್ಲಾಪಿ, ಅಂದರೆ ಮಾಹಿತಿ ಉಳಿಸಿಡುವ ತೆಳು ಡಿಸ್ಕ್, ಹಾಕಿ ಪಕ್ಕದಲ್ಲಿ ಕುಳಿತರೆ ಅದು ಗುನುಗುವುದು ಕೇಳುತ್ತದೆ. ಗುನುಗು ಒಂದೇ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಒಮ್ಮೆ ತಗ್ಗುತ್ತದೆ, ಸ್ವಲ್ಪ ಹೊತ್ತಿಗೆ ಒಂದು ಮೆಟ್ಟಿಲು ಏರುತ್ತದೆ, ಮತ್ತೆ ಇಳಿಯುತ್ತದೆ. ಅದೇ ಕಾಲದ ಐಬಿಎಂ ಪಿಸಿಯ ಡ್ರೈವ್ ಮಾತ್ರ ಗಾಣದ ಎತ್ತಿನಂತೆ ಒಂದೇ ವೇಗದಲ್ಲಿ ಸುತ್ತುತ್ತಿತ್ತು. ಮ್ಯಾಕ್‌ನ ಈ ಏರಿಳಿತ ಕೇಳಿದವರು ಮೋಟಾರು ಕೆಟ್ಟಿರಬೇಕು ಎಂದುಕೊಂಡರೆ ತಪ್ಪಲ್ಲ. ಆದರೆ ಮೋಟಾರು ಸರಿಯಾಗಿಯೇ ಇರುತ್ತದೆ. ಅದಕ್ಕೆ ಎಷ್ಟು ವೇಗದಲ್ಲಿ ತಿರುಗಬೇಕೆಂದು ಹೇಳುವುದು ಪರದೆಯ ಮೇಲೆ ಚಿತ್ರ ಎಳೆಯುವ ಸರ್ಕ್ಯೂಟ್ ಎಂಬುದೇ ಸೋಜಿಗ.

ಪರದೆಗೂ ಫ್ಲಾಪಿ ಮೋಟಾರಿಗೂ ಎಲ್ಲಿಯ ನಂಟು? ಅದನ್ನು ಬಿಡಿಸಿಕೊಂಡರೆ ಆ ಯಂತ್ರದ ಮುಕ್ಕಾಲು ಪಾಲು ಅರ್ಥವಾದಂತೆ.

ಮ್ಯಾಕಿಂತೋಷ್ ಬಿಡುಗಡೆಯಾದದ್ದು 1984ರ ಜನವರಿ 24ರಂದು, ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿ. ಬೆಲೆ 2,495 ಡಾಲರ್. ಸುಮಾರು ಏಳೂವರೆ ಕಿಲೋ ತೂಗುವ ತಿಳಿಕಂದು ಬಣ್ಣದ ಡಬ್ಬ, ನೆತ್ತಿಯಲ್ಲಿ ಕೈ ಹಾಕಿ ಎತ್ತಲು ಒಂದು ಗುಳಿ, ಮುಂದೆ 9 ಇಂಚಿನ ಕಪ್ಪು-ಬಿಳುಪು ಪರದೆ, ಅದರ ಕೆಳಗೆ ಫ್ಲಾಪಿಯ ಸೀಳು. ಕೀಲಿಮಣೆ ಮತ್ತು ಮೌಸ್ ಮಾತ್ರ ಹೊರಗೆ. ಪರದೆ, ಡ್ರೈವ್, ವಿದ್ಯುತ್ ಪೂರೈಕೆ ಎಲ್ಲವನ್ನೂ ಒಂದೇ ಡಬ್ಬದಲ್ಲಿ ತುಂಬಿದ ಮೊದಲ ಯಂತ್ರ ಇದಲ್ಲ. 1977ರ ಕಮೊಡೋರ್ ಪೆಟ್ ಕೂಡ ಪರದೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಬಂದಿತ್ತು. ಆದರೆ ಡಬ್ಬ ಒಂದಾದ ಮಾತ್ರಕ್ಕೆ ಒಳಗಿನವರು ಒಂದಾಗಬೇಕೆಂದಿಲ್ಲ. ಮ್ಯಾಕಿಂತೋಷ್‌ನಲ್ಲಿ ಒಳಗಿನವರೂ ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಂಡರು. ಇದರ ಕೀರ್ತಿ ಮುಖ್ಯವಾಗಿ ಬೋರ್ಡ್ ವಿನ್ಯಾಸ ಮಾಡಿದ ಬರೆಲ್ ಸ್ಮಿತ್ ಅವರಿಗೆ ಸಲ್ಲಬೇಕು. ವೇದಿಕೆಯ ಮೇಲೆ ನಿಂತವರ ಹೆಸರಷ್ಟೇ ಲೋಕಕ್ಕೆ ನೆನಪುಳಿದಿದೆ, ಆ ಮಾತು ಬೇರೆ.

ಡಬ್ಬ ಬಿಚ್ಚಿದರೆ ಒಳಗಿರುವುದು ಎರಡೇ ಬೋರ್ಡ್. ಬಿಚ್ಚುವುದೂ ಸುಲಭವಲ್ಲ. ನಕ್ಷತ್ರದ ತಲೆಯ ಸ್ಕ್ರೂಗಳಲ್ಲಿ ಎರಡು ಹಿಡಿಯ ಗುಳಿಯೊಳಗೆ ಅಷ್ಟು ಆಳದಲ್ಲಿ ಕೂತಿವೆ. ಉದ್ದ ಕುತ್ತಿಗೆಯ ಸ್ಕ್ರೂಡ್ರೈವರ್ ಇಲ್ಲದೆ ಕೈಗೆ ಸಿಗುವುದಿಲ್ಲ. ಗ್ರಾಹಕರು ಒಳಗೆ ಕೈ ಹಾಕಬಾರದು ಎಂಬ ಇಂಗಿತ ಅದರಲ್ಲೇ ಇದೆ. ಹೆಚ್ಚುವರಿ ಕಾರ್ಡ್ ಸೇರಿಸುವ ಕಿಂಡಿ ಒಂದೂ ಇಲ್ಲ. ತಳದಲ್ಲಿ ಮಲಗಿರುವುದು ಡಿಜಿಟಲ್ ಬೋರ್ಡ್: ಪ್ರೊಸೆಸರ್, ಮೆಮೊರಿ ಚಿಪ್‌ಗಳು ಇರುವ ಜಾಗ. ಒಂದು ಪಕ್ಕಕ್ಕೆ ಲಂಬವಾಗಿ ನಿಂತಿರುವುದು ಅನಲಾಗ್ ಬೋರ್ಡ್: ಗೋಡೆಯ ವಿದ್ಯುತ್ತನ್ನು ಪಳಗಿಸುವುದೂ ಪಿಕ್ಚರ್ ಟ್ಯೂಬ್‌ಗೆ ಬೇಕಾದ ಸಾವಿರಾರು ವೋಲ್ಟ್ ಹುಟ್ಟಿಸುವುದೂ ಅದರ ಕೆಲಸ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬ್ ಆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲದು. ಹಳೆಯ ಟಿ.ವಿ. ರಿಪೇರಿ ಮಾಡಿದವರಿಗೆ ಅದರ ರುಚಿ ಗೊತ್ತಿರುತ್ತದೆ.

ಡಿಜಿಟಲ್ ಬೋರ್ಡಿನ ತಾಳ ಹಾಕುವುದು ಒಂದು ಸ್ಫಟಿಕ. ಅದು ಸೆಕೆಂಡಿಗೆ 1,56,67,200 ಬಾರಿ ಮಿಡಿಯುತ್ತದೆ, ಅಂದರೆ 15.6672 ಮೆಗಾಹರ್ಟ್ಸ್. ಒಂದು ಮಿಡಿತಕ್ಕೆ ಪರದೆಯ ಮೇಲೆ ಒಂದು ಚುಕ್ಕೆ ಬೀಳುತ್ತದೆ. ಅದರ ಅರ್ಧ ವೇಗ, ಅಂದರೆ 7.8336 ಮೆಗಾಹರ್ಟ್ಸ್, ಮೊಟೊರೋಲಾ 68000 ಪ್ರೊಸೆಸರ್‌ನದು. ಕೀಲಿಮಣೆಯ ಮಾತು ಕೇಳಿಸಿಕೊಳ್ಳುವ 6522 ಚಿಪ್ ನಡೆಯುವುದು ಪ್ರೊಸೆಸರ್‌ನ ಹತ್ತನೇ ಒಂದರಷ್ಟು ವೇಗದಲ್ಲಿ. ತಾಳ ಒಂದೇ, ಕಾಲ ಬೇರೆ ಬೇರೆ. 7.8336 ಎಂಬ ಸಂಖ್ಯೆ ಕಂಡು ‘ಸರಿಯಾಗಿ 8 ಯಾಕಲ್ಲ?’ ಎಂದು ಕೇಳುವವರಿದ್ದಾರೆ. ಪ್ರೊಸೆಸರ್‌ಗೆ 8 ಆದರೂ ನಡೆಯುತ್ತಿತ್ತು. ಆದರೆ ಇಲ್ಲಿ ವೇಗ ಗೊತ್ತು ಮಾಡಿದ್ದು ಪರದೆ; ಪ್ರೊಸೆಸರ್ ಅದಕ್ಕೆ ಹೊಂದಿಕೊಂಡಿತು.

ಪರದೆಯ ಲೆಕ್ಕ ಹೀಗಿದೆ. ಅಡ್ಡಕ್ಕೆ 512 ಚುಕ್ಕೆ, ಉದ್ದಕ್ಕೆ 342 ಸಾಲು. ಪಿಕ್ಚರ್ ಟ್ಯೂಬಿನ ಕಿರಣ ಒಂದು ಸಾಲನ್ನು ಎಡದಿಂದ ಬಲಕ್ಕೆ ಎಳೆದು, ಮುಂದಿನ ಸಾಲಿಗಾಗಿ ಮತ್ತೆ ಎಡಕ್ಕೆ ಮರಳಬೇಕು. ಆ ಮರುಪಯಣಕ್ಕೆ 192 ಚುಕ್ಕೆಗಳಷ್ಟು ಸಮಯ ಬೇಕು. ಹೀಗಾಗಿ ಒಂದು ಸಾಲಿಗೆ ಒಟ್ಟು 704 ಮಿಡಿತ. ಕೊನೆಯ ಸಾಲು ಮುಗಿದ ಮೇಲೆ ಕಿರಣ ಕೆಳಗಿನಿಂದ ಮೇಲಕ್ಕೆ ಏರಲು 28 ಸಾಲುಗಳಷ್ಟು ಹೊತ್ತು. ಒಟ್ಟು 370 ಸಾಲು. ಭಾಗಾಕಾರ ಮಾಡಿದರೆ ಸೆಕೆಂಡಿಗೆ 22,254ಕ್ಕೂ ತುಸು ಹೆಚ್ಚು ಸಾಲು, 60ಕ್ಕೆ ಕೂದಲೆಳೆ ಹೆಚ್ಚು ಪೂರ್ಣ ಚಿತ್ರ. ಈ 370 ಮತ್ತು 22,254 ಮುಂದೆ ಮತ್ತೆ ಬರುತ್ತವೆ.

ಒಂದು ಚುಕ್ಕೆಗೆ ಒಂದು ಬಿಟ್. ಬಿಟ್ 1 ಆದರೆ ಕಪ್ಪು, 0 ಆದರೆ ಬಿಳಿ. ನಡುವೆ ಬೂದು ಬಣ್ಣ ಎಂಬುದಿಲ್ಲ. ಬೂದು ಬೇಕಾದರೆ ಕಪ್ಪು ಬಿಳಿ ಚುಕ್ಕೆಗಳನ್ನು ಚದುರಂಗದ ಹಾಸಿನಂತೆ ಹೆಣೆದು ಕಣ್ಣಿಗೆ ಮಂಕುಬೂದಿ ಎರಚಬೇಕು. 8 ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಇಡೀ ಪರದೆಗೆ 21,888 ಬೈಟ್ ಬೇಕು. ಐಬಿಎಂನ ಅಕ್ಷರ ಪರದೆಗೆ 4,000 ಬೈಟ್ ಸಾಕಾಗುತ್ತಿತ್ತು. ಅಲ್ಲಿ ಮೆಮೊರಿಯಲ್ಲಿ ಇರುತ್ತಿದ್ದದ್ದು ಅಕ್ಷರದ ಸಂಕೇತ ಮತ್ತು ಅದು ಕಾಣಬೇಕಾದ ಬಗೆಯ ಗುರುತು ಮಾತ್ರ. ಅದಕ್ಕೆ ತಕ್ಕ ಅಚ್ಚನ್ನು ಕಾರ್ಡ್‌ನಲ್ಲಿರುವ ಚಿಪ್ ಒದಗಿಸುತ್ತಿತ್ತು. ಅಚ್ಚು ಬದಲಿಸಲು ಬರುತ್ತಿರಲಿಲ್ಲ, ಇಂಗ್ಲಿಷ್ ಮತ್ತು ಕೆಲವು ಯುರೋಪಿಯನ್ ಅಕ್ಷರ, ಒಂದಷ್ಟು ಚಿಹ್ನೆ, ಗೆರೆಕಡ್ಡಿಗಳು ಅಷ್ಟೇ. ಮ್ಯಾಕ್‌ನಲ್ಲಿ ಅಕ್ಷರವೂ ಒಂದು ಚಿತ್ರವೇ. ಹಾಗಾಗಿ ಯಾವ ಲಿಪಿಯಾದರೂ ಸರಿ, ಚುಕ್ಕೆ ಇಟ್ಟು ಬರೆಯಬಹುದು.

ಬರೆಯಬಹುದು ಎಂದೆ, ಚೆನ್ನಾಗಿ ಕಾಣುತ್ತದೆ ಎಂದಿಲ್ಲ. ಆ ಪರದೆಯಲ್ಲಿ ಒಂದು ಇಂಚಿಗೆ 72 ಚುಕ್ಕೆ. ಮುದ್ರಣದವರ ‘ಪಾಯಿಂಟ್’ ಅಳತೆ ಇಂಚಿನ ಸುಮಾರು 72ನೇ ಒಂದು ಭಾಗವಾದ್ದರಿಂದ ಒಂದು ಪಾಯಿಂಟಿಗೆ ಒಂದು ಚುಕ್ಕೆ ಎಂದಾಯಿತು. 12 ಪಾಯಿಂಟ್ ಅಕ್ಷರಕ್ಕೆ ಸಿಗುವ ಎತ್ತರ 12 ಚುಕ್ಕೆ. ಚೌಕುಳಿ ಹಾಳೆ ಮತ್ತು ಪೆನ್ಸಿಲ್ ತೆಗೆದುಕೊಂಡು ಇಂಗ್ಲಿಷಿನ ಅಕ್ಷರ ಯಾವುದನ್ನಾದರೂ 12 ಚೌಕದ ಎತ್ತರದಲ್ಲಿ ತುಂಬಿಸಿ ನೋಡಿ, ಪರವಾಗಿಲ್ಲ ಎನಿಸುತ್ತದೆ. ಅದೇ ಎತ್ತರದಲ್ಲಿ ‘ಸ್ತ್ರೀ’ ಎಂದು ಬರೆಯಲು ಹೊರಡಿ. ಮೇಲೆ ಗುಡಿಸು, ನಡುವೆ ಸಕಾರದ ಹೊಟ್ಟೆ, ಕೆಳಗೆ ತಕಾರದ ಒತ್ತು, ರಕಾರದ ಒತ್ತು, ಬಲಕ್ಕೆ ದೀರ್ಘ. ಒತ್ತಿಗೆ ಮೂರೋ ನಾಲ್ಕೋ ಚೌಕ ಉಳಿದಿರುತ್ತದೆ. ಅಷ್ಟರಲ್ಲಿ ತಕಾರದ ಸುಳಿಯನ್ನು ತರುವುದು ಅಕ್ಕಿಕಾಳಿನ ಮೇಲೆ ರಂಗೋಲಿ ಹಾಕಿದಂತೆ. ಚಿತ್ರವಾಗಿ ಬರೆಯುವ ಪರದೆ ನಮ್ಮ ಲಿಪಿಗೆ ಬಾಗಿಲು ತೆರೆಯಿತು ನಿಜ, ಆದರೆ ಬಾಗಿ ಒಳಗೆ ಹೋಗಬೇಕಿತ್ತು.

ಆಪಲ್‌ನದೇ ಲೀಸಾ ಎಂಬ ಕಂಪ್ಯೂಟರ್ 1983ರಲ್ಲಿ 9,995 ಡಾಲರಿಗೆ ಬಂದಿತ್ತು. ಅದರಲ್ಲೂ ಚಿತ್ರದ ಪರದೆ, ಮೌಸ್ ಎಲ್ಲ ಇದ್ದವು, ಆದರೆ ಅದರ ಚುಕ್ಕೆಗಳು ಚೌಕವಾಗಿರಲಿಲ್ಲ. ಮ್ಯಾಕ್‌ನಲ್ಲಿ ಚೌಕ. ಎಳೆದ ವೃತ್ತ ದುಂಡಗೇ ಕಾಣಿಸಲು ಈ ಸಣ್ಣ ನಿರ್ಧಾರವೇ ಕಾರಣ.

ಈಗ ವಠಾರಕ್ಕೆ ಬರೋಣ. ಪರದೆಯ ಆ 21,888 ಬೈಟ್ ಪ್ರತ್ಯೇಕ ವಿಡಿಯೋ ಮೆಮೊರಿಯಲ್ಲಿ ಇಲ್ಲ. ಪ್ರೊಸೆಸರ್ ಬಳಸುವ 128 ಕಿಲೋಬೈಟ್‌ನಲ್ಲೇ ಅದಕ್ಕೂ ಒಂದು ಕೋಣೆ. ಒಟ್ಟು ಜಾಗದ ಆರನೇ ಒಂದು ಪಾಲು ಚಿತ್ರಕ್ಕೇ ಹೋಯಿತು. ಮೆಮೊರಿಯೋ ವಠಾರದ ಅಂಗಳದ ನಲ್ಲಿಯಂತೆ, ಒಂದು ಸಲಕ್ಕೆ ಒಬ್ಬರ ಕೊಡ ಮಾತ್ರ ಇಡಬಹುದು. ಪರದೆಗೆ ಪ್ರತಿ 16 ಚುಕ್ಕೆಗೆ ಒಂದು ಕೊಡ ನೀರು ಬೇಕೇ ಬೇಕು. ತಡವಾದರೆ ಕಿರಣ ಕಾಯುವುದಿಲ್ಲ, ಚಿತ್ರ ಹರಿದುಹೋಗುತ್ತದೆ. ಪ್ರೊಸೆಸರ್ ಕಾಯಬಲ್ಲದು. ಹಾಗಾಗಿ ಸರದಿ ಮಾಡಿದರು: 16 ಚುಕ್ಕೆ ಎಳೆಯುವ ಸುಮಾರು ಒಂದು ಮೈಕ್ರೊಸೆಕೆಂಡಿನಲ್ಲಿ ನಲ್ಲಿ ಎರಡು ಸಲ ತಿರುಗುತ್ತದೆ, ಒಮ್ಮೆ ಪರದೆಗೆ, ಒಮ್ಮೆ ಪ್ರೊಸೆಸರ್‌ಗೆ. ಸ್ಫಟಿಕ ಒಂದೇ ಆದ್ದರಿಂದ ಸರದಿಯಲ್ಲಿ ಜಗಳವಿಲ್ಲ, ಮಧ್ಯಸ್ಥಿಕೆ ಮಾಡುವ ದುಬಾರಿ ಚಿಪ್ಪೂ ಬೇಕಿಲ್ಲ. ಕಿರಣ ಎಡಕ್ಕೆ ಮರಳುವಾಗ, ಮೇಲಕ್ಕೆ ಏರುವಾಗ ಪರದೆಗೆ ನೀರು ಬೇಡ. ಆಗ ಪ್ರೊಸೆಸರ್ ಬೇಕಾದಷ್ಟು ತುಂಬಿಕೊಳ್ಳಬಹುದು.

ಇದಕ್ಕೆ ತೆತ್ತ ಬೆಲೆ ವೇಗ. ಕಾಗದದ ಮೇಲೆ 7.8 ಮೆಗಾಹರ್ಟ್ಸ್ ಇದ್ದ ಪ್ರೊಸೆಸರ್, ಮೆಮೊರಿಯಿಂದ ಕೆಲಸ ಮಾಡುವಾಗ ಸರಾಸರಿ 6ರ ಆಸುಪಾಸಿಗೆ ಇಳಿಯುತ್ತಿತ್ತು. ಆದರೆ ಈ ಮೆಮೊರಿಯ ದಾಯಾದಿಯಾದ, ಓದಲು ಮಾತ್ರ ಬರುವ 64 ಕಿಲೋಬೈಟ್‌ನ ರೋಮ್‌ಗೆ ಬೇರೆ ನಲ್ಲಿ ಇತ್ತು. ರೋಮ್‌ನಲ್ಲಿರುವ ಆದೇಶಗಳನ್ನು ಪ್ರೊಸೆಸರ್ ಸರದಿಯಿಲ್ಲದೆ ಪೂರ್ಣ ವೇಗದಲ್ಲಿ ಓದಬಹುದಿತ್ತು. ಬಿಲ್ ಅಟ್ಕಿನ್ಸನ್ ಬರೆದ ಕ್ವಿಕ್‌ಡ್ರಾ, ಅಂದರೆ ಗೆರೆ, ಚೌಕ, ಅಕ್ಷರ ಎಳೆಯುವ ಪ್ರೋಗ್ರಾಮ್ ಸಂಕೇತವೆಲ್ಲ ಇದ್ದದ್ದು ಆ ರೋಮ್‌ನಲ್ಲೇ. ಹೆಚ್ಚು ಓಡುವವನಿಗೆ ಹೆದ್ದಾರಿ ಕೊಟ್ಟಂತಾಯಿತು.

ಸದ್ದಿನ ಕತೆ ಇನ್ನೂ ಚೆಂದ. ಸದ್ದು ಬೇಕೆಂದರೆ ಕ್ರಮ ತಪ್ಪದೆ, ಸಮ ಅಂತರದಲ್ಲಿ ಒಂದೊಂದು ಸಂಖ್ಯೆಯನ್ನು ಸ್ಪೀಕರ್‌ಗೆ ತಲುಪಿಸುತ್ತಿರಬೇಕು. ಆ ಸಮ ಅಂತರ ಅಳೆಯಲು ಬೇರೊಂದು ಗಡಿಯಾರ ಬೇಕಲ್ಲವೇ? ಬೇಕಿಲ್ಲ, ಪರದೆಯ ಸಾಲುಗಳೇ ಇವೆಯಲ್ಲ. ಪ್ರತಿ ಸಾಲು ಮುಗಿದು ಕಿರಣ ಎಡಕ್ಕೆ ಮರಳುವ 12 ಮೈಕ್ರೊಸೆಕೆಂಡಿನಲ್ಲಿ ವಿಡಿಯೋ ಸರ್ಕ್ಯೂಟ್ ಮೆಮೊರಿಯ ಇನ್ನೊಂದು ಮೂಲೆಗೆ ಹೋಗಿ ಎರಡು ಬೈಟ್ ತಂದುಬಿಡುತ್ತದೆ. ಮೊದಲ ಬೈಟ್ ಸ್ಪೀಕರ್‌ಗೆ. ಸಾಲು 370 ಇರುವುದರಿಂದ ಒಂದು ಚಿತ್ರಕ್ಕೆ 370 ಸ್ವರಬಿಂದು. ಸೆಕೆಂಡಿಗೆ 22 ಸಾವಿರ ಚಿಲ್ಲರೆ. ಪ್ರತ್ಯೇಕ ಗಡಿಯಾರವಿಲ್ಲದೆ 8 ಬಿಟ್‌ನ ಸದ್ದು ಸಿದ್ಧ. ಅದೇ ಕಾಲದ ಐಬಿಎಂ ಪಿಸಿ ‘ಪೀಂ’ ಎನ್ನುವುದಕ್ಕಿಂತ ಹೆಚ್ಚಿನದನ್ನು ಕಷ್ಟಪಟ್ಟು ಹೇಳುತ್ತಿದ್ದಾಗ, ಬಿಡುಗಡೆಯ ವೇದಿಕೆಯಲ್ಲಿ ಮ್ಯಾಕ್ ಮಾತನಾಡಿ ತೋರಿಸಿತು.

ಎರಡನೆಯ ಬೈಟ್? ಅದೇ ಫ್ಲಾಪಿ ಮೋಟಾರಿಗೆ.

ಡಿಸ್ಕಿನ ಹೊರ ಅಂಚಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಡಿಸ್ಕ್ ಒಂದೇ ವೇಗದಲ್ಲಿ ತಿರುಗಿದರೆ ಹೊರಗಿನ ಉದ್ದದ ಸುತ್ತಿನಲ್ಲೂ ಒಳಗಿನ ಚಿಕ್ಕ ಸುತ್ತಿನಷ್ಟೇ ಮಾಹಿತಿ ಹಿಡಿಯುತ್ತದೆ. ಹೊರಗಿನ ಜಾಗ ದಂಡ. ಓದುವ ತಲೆ ಹೊರ ಅಂಚಿನಲ್ಲಿದ್ದಾಗ ಡಿಸ್ಕನ್ನು ನಿಧಾನವಾಗಿ, ಒಳಗೆ ಬಂದಂತೆ ಜೋರಾಗಿ ತಿರುಗಿಸಿದರೆ ಈ ದಂಡ ತಪ್ಪುತ್ತದೆ. ಮ್ಯಾಕ್‌ನ ಸೋನಿ ಡ್ರೈವ್ ಮಾಡಿದ್ದು ಅದನ್ನೇ. ಒಟ್ಟು 80 ಸುತ್ತುಗಳನ್ನು 16ರಂತೆ ಐದು ವಲಯ ಮಾಡಿ, ಹೊರವಲಯದ ಒಂದು ಸುತ್ತಿಗೆ 12 ತುಂಡು, ನಂತರ 11, 10, 9, ಒಳಗಿನದಕ್ಕೆ 8. ಒಂದು ತುಂಡಿನಲ್ಲಿ 512 ಬೈಟ್. ಕೂಡಿಸಿದರೆ 800 ತುಂಡು, 400 ಕಿಲೋಬೈಟ್, ಅದೂ ಡಿಸ್ಕಿನ ಒಂದೇ ಮಗ್ಗುಲಲ್ಲಿ. ಸ್ಥಿರ ವೇಗದಲ್ಲಿ ಸುತ್ತಿಗೆ 9 ತುಂಡು ಹಾಕುವವರಿಗೆ ಅದೇ ಮಗ್ಗುಲಲ್ಲಿ 360 ದಕ್ಕುತ್ತಿತ್ತು. ಮೋಟಾರಿನ ವೇಗ ನಿಮಿಷಕ್ಕೆ ಸುಮಾರು 390 ಸುತ್ತಿನಿಂದ 590ರವರೆಗೆ. ಐದು ವಲಯ, ಐದು ವೇಗ, ಐದು ಶ್ರುತಿ. ಮೊದಲು ಕೇಳಿದ ಗುನುಗಿನ ಮೆಟ್ಟಿಲುಗಳು ಇವೇ.

ಮೋಟಾರಿಗೆ ಬೇಕಾದದ್ದು ಕ್ಷಣಕ್ಷಣಕ್ಕೂ ಸಿಗುವ ಸಣ್ಣ ತಳ್ಳು. ತಳ್ಳು ಉದ್ದವೋ ಗಿಡ್ಡವೋ ಎಂಬುದನ್ನು ಗೊತ್ತು ಮಾಡುವುದು ಪ್ರತಿ ಸಾಲಿನ ಕೊನೆಯಲ್ಲಿ ಬರುವ ಎರಡನೆಯ ಬೈಟ್. ಪ್ರೊಸೆಸರ್ ಮಾಡಬೇಕಾದ್ದು ಆ ಬೈಟ್‌ಗಳ ಪಟ್ಟಿಯನ್ನು ಮೆಮೊರಿಯಲ್ಲಿ ಬರೆದಿಡುವುದಷ್ಟೆ. ಉಳಿದದ್ದನ್ನು ವಿಡಿಯೋ ಸರ್ಕ್ಯೂಟ್ ಸಾಲು ಸಾಲಿಗೂ ಹಂಚುತ್ತ ಹೋಗುತ್ತದೆ. ಹಾಲು ಹಾಕಲು ಬಂದವನ ಸೈಕಲ್ಲಿನಲ್ಲೇ ಪೇಪರ್, ಹೂವು ಎಲ್ಲ ಬಂದಂತೆ. ಅಂತೂ ಪರದೆ ನಿಂತರೆ ಸದ್ದೂ ನಿಲ್ಲುತ್ತದೆ, ಮೋಟಾರಿಗೂ ದಿಕ್ಕು ತಪ್ಪುತ್ತದೆ. ಇಂಥ ಯಂತ್ರದಿಂದ ಪರದೆಯನ್ನು ಕಿತ್ತು ಬೇರೆ ಮೇಜಿನ ಮೇಲಿಡುವ ಮಾತೇ ಬರುವುದಿಲ್ಲ.

ಡ್ರೈವ್‌ನಲ್ಲಿ ಡಿಸ್ಕ್ ಹೊರತೆಗೆಯುವ ಗುಂಡಿ ಇಲ್ಲ. ಕಂಪ್ಯೂಟರ್ ತಾನೇ ಮೋಟಾರು ತಿರುಗಿಸಿ ಹೊರದಬ್ಬಬೇಕು. ಬರೆಯುವುದು ಬಾಕಿ ಇರುವಾಗ ಯಾರೂ ಎಳೆಯದಿರಲಿ ಎಂಬ ಎಚ್ಚರ. ಹಟ ಹಿಡಿದು ಕೂತ ಡಿಸ್ಕಿಗಾಗಿ ಒಂದು ಸಣ್ಣ ತೂತಿದೆ, ಕಾಗದದ ಕ್ಲಿಪ್ ಬಿಡಿಸಿ ಚುಚ್ಚಿದರೆ ಹೊರಬರುತ್ತದೆ.

ಇಷ್ಟೆಲ್ಲ ಜಾಣತನದ ನಡುವೆ 128 ಕಿಲೋಬೈಟ್ ಮಾತ್ರ ನುಂಗಲಾರದ ತುತ್ತಾಯಿತು. ಪರದೆಗೆ, ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮಿಗೆ ಕೊಟ್ಟು ಉಳಿದದ್ದರಲ್ಲಿ ಪ್ರೋಗ್ರಾಮ್ ಮತ್ತು ನಿಮ್ಮ ಬರಹ ಎರಡೂ ಇರಬೇಕು. ಜಾಗ ಉಳಿಸಲು ಮಾಡಿದ ಎರಡು ಉಪಾಯಗಳನ್ನು ಹೇಳಬೇಕು.

ಒಂದು, ಕರೆಯುವ ರೀತಿ. ರೋಮ್‌ನಲ್ಲಿ ನಾನೂರಕ್ಕೂ ಹೆಚ್ಚು ಸಿದ್ಧ ಕಾರ್ಯಗಳಿದ್ದವು: ಕಿಟಕಿ ತೆರೆ, ಪಟ್ಟಿ ಇಳಿಸು, ವೃತ್ತ ಎಳೆ. ಸಾಮಾನ್ಯ ರೀತಿಯಲ್ಲಿ ಒಂದನ್ನು ಕರೆಯಲು ಪೂರ್ಣ ವಿಳಾಸ ಸೇರಿ 6 ಬೈಟ್ ಬೇಕು. 68000 ಪ್ರೊಸೆಸರ್‌ನಲ್ಲಿ 1010 ಎಂಬ ನಾಲ್ಕು ಬಿಟ್‌ಗಳಿಂದ ಶುರುವಾಗುವ ಆದೇಶಗಳಿಗೆ ಅರ್ಥವೇ ಇರಲಿಲ್ಲ. ಅಂಥದ್ದು ಎದುರಾದರೆ ಪ್ರೊಸೆಸರ್ ಕೆಲಸ ನಿಲ್ಲಿಸಿ ‘ಇದೇನು?’ ಎಂದು ಒಂದು ನಿಗದಿತ ಜಾಗಕ್ಕೆ ಹೋಗುತ್ತದೆ. ಮ್ಯಾಕ್ ತಂಡ ಆ ಜಾಗದಲ್ಲಿ ಒಂದು ಕೋಷ್ಟಕ ನೋಡುವ ಸಂಕೇತವನ್ನು ಕೂರಿಸಿತು. ಈಗ 2 ಬೈಟ್‌ನ ಆ ಅರ್ಥವಿಲ್ಲದ ಆದೇಶವೇ ಕರೆ. ಪ್ರತಿ ಕರೆಗೆ 4 ಬೈಟ್ ಉಳಿತಾಯ. ಕೋಷ್ಟಕ ಮೆಮೊರಿಯಲ್ಲಿ ಇದ್ದದ್ದರಿಂದ ಇನ್ನೊಂದು ಲಾಭವೂ ಸಿಕ್ಕಿತು: ರೋಮ್‌ನಲ್ಲಿ ತಪ್ಪಿದ್ದರೆ ಚಿಪ್ ಬದಲಿಸಬೇಕಿಲ್ಲ, ಫ್ಲಾಪಿಯಿಂದ ಹೊಸ ಸಂಕೇತ ತಂದು ಕೋಷ್ಟಕದ ವಿಳಾಸ ತಿದ್ದಿದರಾಯಿತು.

ಎರಡು, ಮನೆ ಬದಲಿಸುವ ಬಾಡಿಗೆದಾರರು. ಮೆಮೊರಿಯಲ್ಲಿ ಒಂದೊಂದು ವಸ್ತು ಬಂದು ಹೋಗುತ್ತಿದ್ದರೆ ಅಲ್ಲಲ್ಲಿ ಸಣ್ಣ ಸಣ್ಣ ಖಾಲಿ ಜಾಗ ಉಳಿಯುತ್ತದೆ. ಒಟ್ಟು ಸಾಕಷ್ಟಿದ್ದರೂ ದೊಡ್ಡ ಸಂಸಾರಕ್ಕೆ ಒಂದೂ ಸಾಲದು. ಇದ್ದವರನ್ನು ಒತ್ತರಿಸಿ ಕೂರಿಸಬೇಕು. ಆದರೆ ಪ್ರೋಗ್ರಾಮ್ ಹಳೆಯ ಮನೆ ನಂಬರನ್ನೇ ನೆನಪಿಟ್ಟುಕೊಂಡು ಹುಡುಕಿ ಬಂದರೆ? ಆದ್ದರಿಂದ ಪ್ರೋಗ್ರಾಮಿಗೆ ಮನೆಯ ವಿಳಾಸ ಕೊಡಲಿಲ್ಲ, ವಠಾರದ ಯಜಮಾನರ ಪುಸ್ತಕದಲ್ಲಿ ಆ ಬಾಡಿಗೆದಾರನ ಹೆಸರಿರುವ ಸಾಲಿನ ವಿಳಾಸ ಕೊಟ್ಟರು. ಮನೆ ಬದಲಾದರೆ ಪುಸ್ತಕ ತಿದ್ದಿದರೆ ಸಾಕು. ವಿಳಾಸದ 32 ಬಿಟ್‌ಗಳಲ್ಲಿ ಪ್ರೊಸೆಸರ್ ಹೊರಗೆ ಕಳಿಸುತ್ತಿದ್ದದ್ದು 24 ಮಾತ್ರ. ಉಳಿದ 8 ಬಿಟ್‌ಗಳಲ್ಲಿ ‘ಇವನನ್ನು ಕದಲಿಸಬೇಡಿ’, ‘ಇವನನ್ನು ಎಬ್ಬಿಸಬಹುದು’ ಎಂಬ ಗುರುತುಗಳನ್ನು ತುರುಕಿದರು. ಆಗ ಇದು ಬುದ್ಧಿವಂತಿಕೆ. ಮುಂದೆ ಪೂರ್ತಿ 32 ಬಿಟ್ ವಿಳಾಸ ಬೇಕಾದ ದೊಡ್ಡ ಮೆಮೊರಿ ಬಂದಾಗ ಇದೇ ಗುರುತುಗಳು ವಿಳಾಸದೊಳಗೆ ಕಲ್ಲಾಗಿ ಸಿಕ್ಕಿ ಎಷ್ಟೋ ಹಳೆಯ ಪ್ರೋಗ್ರಾಮ್‌ಗಳು ಎಡವಿ ಬಿದ್ದವು.

ಉಪಾಯಗಳು ಎಷ್ಟಿದ್ದರೂ ಒಂದೇ ಡ್ರೈವ್ ಇದ್ದವರ ಪಾಡು ಹೇಳತೀರದು. ಒಂದು ಡಿಸ್ಕನ್ನು ಇನ್ನೊಂದಕ್ಕೆ ನಕಲು ಮಾಡಬೇಕೆಂದರೆ ಮೆಮೊರಿ ಹಿಡಿಸಿದಷ್ಟು ಓದಿ, ಡಿಸ್ಕ್ ಬದಲಿಸಿ, ಬರೆದು, ಮತ್ತೆ ಬದಲಿಸಿ, ಹೀಗೆ ಕೈ ಸೋಲುವವರೆಗೆ. ಬಿಡುಗಡೆಯ ವೇದಿಕೆಯಲ್ಲಿ ಮಾತನಾಡಿದ ಮ್ಯಾಕ್‌ನ ಹೊಟ್ಟೆಯಲ್ಲಿ ಇದ್ದದ್ದು 128 ಅಲ್ಲ, 512 ಕಿಲೋಬೈಟ್. ಅದನ್ನು ಅಂದು ಯಾರೂ ಹೇಳಲಿಲ್ಲ. ಎಂಟು ತಿಂಗಳಲ್ಲಿ, 1984ರ ಸೆಪ್ಟೆಂಬರ್‌ನಲ್ಲಿ, 512ರ ಮಾದರಿ ಅಂಗಡಿಗೆ ಬಂತು. ನನ್ನ ಲೆಕ್ಕದಲ್ಲಿ ಮ್ಯಾಕಿಂತೋಷ್ ಕೆಲಸಕ್ಕೆ ಯೋಗ್ಯವಾದದ್ದು ಆಗ.

ಫ್ಯಾನ್ ಕೂಡ ಇರಲಿಲ್ಲ. ಸದ್ದು ಬೇಡವೆಂಬುದು ಸ್ಟೀವ್ ಜಾಬ್ಸ್ ಅವರ ಹಟ. ತಳದ ಸೀಳುಗಳಿಂದ ತಣ್ಣನೆ ಗಾಳಿ ಹೊಕ್ಕು, ಬಿಸಿಯಾಗಿ ನೆತ್ತಿಯ ಸೀಳುಗಳಿಂದ ಹೋಗಬೇಕು. ಬಿಸಿಯನ್ನೆಲ್ಲ ಉಂಡದ್ದು ಅನಲಾಗ್ ಬೋರ್ಡ್. ಬಿಸಿಯಾಗಿ ಹಿಗ್ಗಿ, ಆರಿ ಕುಗ್ಗಿ, ಅದರ ಬೆಸುಗೆಗಳು ವರ್ಷಗಳಲ್ಲಿ ಬಿರುಕು ಬಿಡುತ್ತವೆ. ಹಳೆಯ ಮ್ಯಾಕ್‌ನ ಪರದೆ ನಡುವೆ ಒಂದು ಬಿಳಿಗೆರೆಯಾಗಿ ಕುಗ್ಗಿದರೆ, ರಿಪೇರಿಯವರು ಮೊದಲು ಹುಡುಕುವುದು ಆ ಬೋರ್ಡಿನ ಬಿರುಕುಗಳನ್ನು. 1987ರ ಎಸ್‌ಇ ಮಾದರಿಗೆ ಕೊನೆಗೂ ಫ್ಯಾನ್ ಬಂತು.

ಅಷ್ಟು ಹೊತ್ತಿಗೆ ವಠಾರವೂ ಒಡೆಯತೊಡಗಿತ್ತು. 800 ಕಿಲೋಬೈಟ್‌ನ ಹೊಸ ಡ್ರೈವ್ ತನ್ನ ವೇಗವನ್ನು ತಾನೇ ನೋಡಿಕೊಂಡಿತು. ಅದೇ 1987ರ ಮ್ಯಾಕಿಂತೋಷ್ 2 ಪರದೆಯನ್ನು ಡಬ್ಬದಿಂದ ಹೊರಗಿಟ್ಟು, ಸದ್ದಿಗೆ ಬೇರೆ ಚಿಪ್ ಕೊಟ್ಟಿತು. ಸಾಲಿನ ಕೊನೆಗೆ ಎರಡು ಬೈಟ್ ಹೊತ್ತು ಓಡುವ ಕೆಲಸ ಅಲ್ಲಿ ಇರಲಿಲ್ಲ. ಆದರೂ ಮ್ಯಾಕ್‌ನ ಹಳೆಯ ಧ್ವನಿ ಫೈಲೊಂದನ್ನು ಇಂದು ತೆರೆದು ವಿವರ ನೋಡಿದರೆ, ಸೆಕೆಂಡಿಗೆ ಎಷ್ಟು ಸ್ವರಬಿಂದು ಎಂಬಲ್ಲಿ 22,000 ಅಥವಾ 22,050 ಎಂಬ ಸಲೀಸಾದ ಸಂಖ್ಯೆ ಇರುವುದಿಲ್ಲ, 22,254.54 ಎಂದಿರುತ್ತದೆ. ಕ್ಯಾಲ್ಕ್ಯುಲೇಟರ್ ತೆಗೆದು 1,56,67,200ನ್ನು 704ರಿಂದ ಭಾಗಿಸಿ ನೋಡಿ.